ಸಾಬವ್ವನ ಬಾಡಿಗೆ

ತೆರಿಗೆ ಕಚೇರಿಯ ಅಪ್ಪಾಸಾಹೇಬರು ವಾಡೆಯ ಅಂಗಳಕ್ಕೆ ಬಂದು ಆ ಹಳೆಯ ದೊಡ್ಡ ಮನೆಯತ್ತ ತಲೆ ಎತ್ತಿದರೆ, ಹತ್ತಾರು ಗಂಡಸರು ಛಾವಣಿ ಹತ್ತಿ ಹಂಚು ಇಳಿಸುತ್ತಿದ್ದರು. ಕೆಳಗೆ ಹೆಂಗಸರು ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಇವರೆಲ್ಲ ಯಾರು ಎಂದು ಮರಾಠಿಯಲ್ಲಿ ಕೇಳಿದ್ದಕ್ಕೆ ಮನೆಯ ಸೊಸೆ ನೀಲಿಮಾ ಗಡಬಡಿಸಿ, ನೆಂಟರು ಎಂದುಬಿಟ್ಟಳು. ನೆಂಟರನ್ನು ಯಾರಾದರೂ ಛಾವಣಿ ಹತ್ತಿಸುತ್ತಾರೆಯೇ ಎಂದು ಅವರು ಬಾಯಿಬಿಟ್ಟು ಕೇಳಲಿಲ್ಲ. ಮುಖವೇ ಕೇಳಿತು.

ಮರಾಠಿ ನಾಡಿನ ಕಸಬಾ ಪೇಟೆಯ ಈ ವಾಡೆಯನ್ನು ನೀಲಿಮಾಳ ಗಂಡನ ಹಿರಿಯರು ಬೆಳಗಾವಿ ಕಡೆಯಿಂದ ಬಂದು ಕಟ್ಟಿಸಿದ್ದು. ಮನೆಯವರೇ ವಾಸವಿದ್ದರೆ ತೆರಿಗೆಯಲ್ಲಿ ರಿಯಾಯಿತಿ. ಬಾಡಿಗೆಗೆ ಕೊಟ್ಟರೆ ಅದು ಹೋಯಿತು. ಆ ರಿಯಾಯಿತಿಯಲ್ಲಿ ಉಳಿದ ದುಡ್ಡಿನಿಂದಲೇ ಗೆದ್ದಲು ತಿಂದ ತೊಲೆ ಬದಲಿಸಲು ಅವಳು ಹೊಸ ಮರ ತರಿಸಬೇಕಿತ್ತು. ಮೇಲೆ ಹತ್ತಿದವರು ಸವದತ್ತಿ ಕಡೆಯ ಭಕ್ತರು. ಮೈಲಾರಲಿಂಗನ ದರ್ಶನಕ್ಕೆ ಜೇಜುರಿಗೆ ಹೋಗುವಾಗ ಇಲ್ಲಿ ತಂಗುವುದು ಅವರ ತಲೆತಲಾಂತರದ ರೂಢಿ.

ಅಪ್ಪಾಸಾಹೇಬರು ಸೋಲಾಪುರದವರು, ಕನ್ನಡ ಬಲ್ಲವರು. ಕನ್ನಡ ಕಿವಿಗೆ ಬಿದ್ದದ್ದೇ ತಂಡದ ಹಿರಿಯಳಾದ ಸಾಬವ್ವನ ಬಳಿ ಹೋಗಿ, ನಿಮ್ಮನ್ನು ಪುಕ್ಕಟೆ ಇಟ್ಟುಕೊಂಡಿದ್ದಾರೇನು ಎಂದು ಕೇಳಿದರು. ಸಾಬವ್ವನಿಗೆ ಮುಖಕ್ಕೆ ಹೊಡೆದಂತಾಯಿತು.

“ಪುಕ್ಕಟೆ ಯಾಕ್ರಿ? ಮೈಲಾರಲಿಂಗನ ಹೆಸರಲೆ ನಡದವರು ನಾವು. ಮಂದಿ ಸೂರಿನ ಕೆಳಗ ಪುಕ್ಕಟೆ ಮಲಗಿದ್ರ ಹರಕಿ ಮುಟ್ಟಂಗಿಲ್ಲ. ರಾತ್ರಿ ಮಲಗತೀವಿ, ಹಗಲ ದುಡದು ತೀರಿಸತೀವಿ. ನಮ್ಮತ್ತಿ ಕಾಲದಿಂದ ಒಂದ ಸಲನೂ ತಪ್ಪಿಸಿಲ್ಲ.”

ನೀಲಿಮಾ ಕಣ್ಣಲ್ಲೇ ಬೇಡವೆಂದಳು. ಸಾಬವ್ವ ಅದನ್ನು ಹೇಗೆ ತಿಳಿದಳೋ, ಅಪ್ಪಾಸಾಹೇಬರನ್ನು ಕರೆದೊಯ್ದು ತನ್ನ ಅತ್ತೆ ಮೆತ್ತಿದ ಗೋಡೆಯನ್ನೂ ತೋರಿಸಿಕೊಂಡು ಬಂದಳು.

“ವೈನೀ, ಇದಕ್ಕ ನಾವು ಬಾಡಿಗಿ ಅಂತೀವ್ರಿ,” ಎಂದರು ಅಪ್ಪಾಸಾಹೇಬರು ನೀಲಿಮಾಳ ಕಡೆ ತಿರುಗಿ, ಮೆಲ್ಲಗೆ.

ನೀಲಿಮಾ ಲೆಕ್ಕ ಹಾಕಿದಳು. ಬಾಡಿಗೆ ಎಂದರೆ ಮರದ ದುಡ್ಡು ತೆರಿಗೆಗೆ ಹೋಗುತ್ತದೆ. ಅಲ್ಲವೆಂದರೆ ಈ ಕೆಲಸ ನಿಲ್ಲಬೇಕು. ಆಮೇಲೆ ಮರ ತಂದರೂ ಏರಿಸುವವರು ಯಾರು? ಕೆಲಸ ಬಿಟ್ಟು ಸುಮ್ಮನೆ ಇದ್ದುಹೋಗಿ ಎಂದು ಸಾಬವ್ವನನ್ನು ಬೇಡಿಕೊಂಡಳು. ಸಾಬವ್ವ ಗಂಡಸರನ್ನು ಕೆಳಗಿಳಿಸಿದಳು. ಪುಕ್ಕಟೆ ಇರಲೊಲ್ಲದೆ ಹೆಂಗಸರು ಗಂಟು ಕಟ್ಟತೊಡಗಿದರು.

ಪಡಸಾಲೆಯಲ್ಲಿ ಕೂತಿದ್ದ ನೀಲಿಮಾಳ ಮಾವ ರಾಘಣ್ಣನವರು ಅಡಿಕೆ ಕತ್ತರಿಸುತ್ತ ಅಂದರು: “ಕಾಯದೇನೂ ಖರೆ, ಸಾಬವ್ವನೂ ಖರೆ. ನಾವಷ್ಟ ಸುಳ್ಳಾದ್ವಿ ನೋಡವಾ.”

ಛಾವಣಿ ಅರ್ಧ ತೆರೆದೇ ಇತ್ತು. ಆ ತೂತಿನಲ್ಲಿ ಕರಿಮೋಡ ಕಾಣುತ್ತಿತ್ತು. ಅದರ ಕೆಳಗೇ ಮಕ್ಕಳು ಮಲಗುವ ಕೋಣೆ.

“ಬಾಡಿಗಿ ಅಂತನ ಬರಕೋರಿ,” ಎಂದಳು ನೀಲಿಮಾ. ಸಾಬವ್ವ ಕೈ ಬೀಸಿದ್ದೇ ಗಂಡಸರು ಮತ್ತೆ ಏಣಿ ಹತ್ತಿದರು.

ಅಪ್ಪಾಸಾಹೇಬರು ಪೆನ್ನು ತೆಗೆದವರು ಹಾಗೆಯೇ ನಿಂತರು. “ಎಷ್ಟಂತ ಬರೀಲ್ರಿ?”

ಕಡಿಮೆ ಹೇಳಿದರೆ ಸಾಬವ್ವನಿಗೆ ಅವಮಾನ. ಹೆಚ್ಚು ಹೇಳಿದರೆ ಮುಂದಿನ ವರ್ಷದ ರಿಪೇರಿಯ ದುಡ್ಡೂ ತೆರಿಗೆಗೆ ಹೋಯಿತು. ನೀಲಿಮಾ ಬೆರಳು ಮಡಚಿ ಎಣಿಸತೊಡಗಿದಳು. ಕಾದು ಸಾಕಾದ ಅಪ್ಪಾಸಾಹೇಬರು ಸಾಬವ್ವನನ್ನೇ ಕೇಳಲು ಹೊರಟರು. ಸಾಬವ್ವ ತನ್ನವರ ದುಡಿಮೆಗೆ ಕಡಿಮೆ ಬೆಲೆ ಕಟ್ಟುವ ಹೆಂಗಸಲ್ಲ. ನೀಲಿಮಾ ಅವರ ಹಿಂದೆಯೇ ಓಡಿದಳು. ತಡೆಯಲೋ, ಕೇಳಿಸಿಕೊಳ್ಳಲೋ, ಅವಳಿಗೇ ತಿಳಿಯದು.