ಬಾಯಿ ಬಿಟ್ಟ ಕಾಲು

ಕಪ್ಪು-ಬಿಳಿ ಕಲ್ಲುಗಳ ಗೋ ಆಟಕ್ಕೆಂದು ಫುಸಾಯೆ ನಡೆಸುತ್ತಿದ್ದ ಮನೆಯಲ್ಲಿ ನೋಡುವವರು ಮಾತಾಡುವಂತಿರಲಿಲ್ಲ. ಆಡುವವರು ಕೆಮ್ಮಬಹುದಿತ್ತು, ತಮ್ಮನ್ನು ತಾವೇ ಬೈದುಕೊಳ್ಳಬಹುದಿತ್ತು. ಪಕ್ಕದಲ್ಲಿ ಕೂತು ನೋಡುವವನ ತುಟಿ ಮಾತ್ರ ಎರಡಾಗಬಾರದು. ಅದಕ್ಕೇ ಆಟದ ಮಣೆಯ ನಾಲ್ಕು ಕಾಲುಗಳನ್ನೂ ಗಂಧರಾಜದ ಕಾಯಿಯಂತೆ ಕೆತ್ತಿರುತ್ತಾರೆ. ಎಷ್ಟು ಹಣ್ಣಾದರೂ ಬಾಯಿ ಬಿಡದ ಕಾಯಿ ಅದು. ಮಣೆಯನ್ನು ಮಗುಚಿದರೆ ನಡುವೆ ಒಂದು ಚೌಕದ ಗುಳಿ. ನಡುವೆ ಬಾಯಿ ಹಾಕಿದವನ ತಲೆ ಕಡಿದು ಅಲ್ಲಿಡಬೇಕೆಂದು ಹಿಂದಿನವರ ಮಾತು. ಜಪಾನಿನ ಈ ಉಸುಕಿ ಪಟ್ಟಣದಲ್ಲಿ ಈವರೆಗೆ ಯಾರ ತಲೆಯೂ ಅಲ್ಲಿಗೆ ಹೋಗಿರಲಿಲ್ಲ.

ಇತೊನಾಗ ನೋಡುವವರ ಪೈಕಿ. ಒಂದು ದಿನವೂ ಕಲ್ಲು ಮುಟ್ಟಿದವನಲ್ಲ. ನಿವೃತ್ತನಾಗುವವರೆಗೆ ಊರಿನ ಬಸ್ಸು ಓಡಿಸಿದ್ದ. ತಲೆಯ ಮೇಲೆ ಸದಾ ‘ಚಾಲಕರೊಂದಿಗೆ ಮಾತಾಡಬೇಡಿ’ ಎಂಬ ಫಲಕ. ಹೆಂಡತಿ ಬದುಕಿದ್ದಾಗ ಮನೆಯಲ್ಲೂ ಆ ಫಲಕವನ್ನು ಪಾಲಿಸಿದ್ದಳೆಂದು ಅವನ ಅನುಮಾನ. ಅವಳು ಹೋದ ಮೇಲೆ ಪ್ರತಿ ಮಧ್ಯಾಹ್ನ ಇಲ್ಲಿಗೆ ಬಂದು ಗೋಡೆಗೊರಗಿ ಕೂರುತ್ತಿದ್ದ. ಆಟದ ಹುಚ್ಚು ಎಂದು ಎಲ್ಲರೂ ತಿಳಿದಿದ್ದರು. ಅವನು ನೋಡುತ್ತಿದ್ದದ್ದು ಚಹಾ ತರುವ ಕೈಗಳನ್ನು.

ಚಳಿಗಾಲದಲ್ಲಿ ಫುಸಾಯೆಯ ಬೆರಳ ತುದಿಗಳು ಹಳದಿಯಾಗುತ್ತಿದ್ದವು. ಹಿತ್ತಲಿನ ಗಂಧರಾಜದ ಕಾಯಿಗಳನ್ನು ದಾರಕ್ಕೆ ಪೋಣಿಸಿ ಸೂರಿನಡಿ ಒಣಗಿಸಿ, ಮೂಲಂಗಿ ಉಪ್ಪಿನಕಾಯಿಗೆ ಬಣ್ಣ ಕಟ್ಟುತ್ತಿದ್ದಳು. ಶುಭಕಾರ್ಯವಿದ್ದ ಮನೆಯವರು ಹಳದಿ ಅನ್ನಕ್ಕೆಂದು ಅವಳ ಬಳಿಯೇ ಕಾಯಿ ಕೇಳಿಕೊಂಡು ಬರುತ್ತಿದ್ದರು. ಗಂಡ ತೀರಿದ ಮೇಲೆ ಅವಳ ಒಲೆಯ ಮೇಲೆ ಮಾತ್ರ ಹಳದಿ ಅನ್ನ ಬೆಂದಿರಲಿಲ್ಲ. ಇದೆಲ್ಲ ಇತೊನಾಗನಿಗೆ ಗೊತ್ತಿತ್ತು. ಆದರೂ ಮೀನಂಗಡಿಯ ಬಳಿ ಅವಳು ಎದುರಾದರೆ ರಸ್ತೆ ದಾಟಿಬಿಡುತ್ತಿದ್ದ. ಅಲ್ಲಿ ಮಾತಾಡಬಾರದೆಂಬ ನಿಯಮವಿರಲಿಲ್ಲ. ಹಾಗಾಗಿ ಸುಮ್ಮನಿರಲು ನೆಪವೂ ಇರಲಿಲ್ಲ.

ಆ ಡಿಸೆಂಬರಿನಲ್ಲಿ ಒಂದು ದಿನ ಫುಸಾಯೆ ಬಟ್ಟಲು ಇಡುತ್ತ ಹೇಳಿದಳು: “ವರ್ಷ ಮುಗೀತಿದ್ದ ಹಾಗೆ ಬಾಗಿಲು ಹಾಕ್ತೀನಿ. ಕಡಲಾಚೆ ಯಾವತಹಾಮ ಊರಿಂದ ಅಕ್ಕ ಕರೀತಿದಾಳೆ. ಅವಳ ತೋಟದಲ್ಲಿ ಕಿತ್ತಳೆ ಕೀಳೋಕೆ ಜನ ಇಲ್ವಂತೆ.”

ಆಡುತ್ತಿದ್ದ ಇಬ್ಬರೂ ತಲೆ ಎತ್ತಲಿಲ್ಲ. ಸೋಯಾ ಸಾಸ್ ಭಟ್ಟಿಯ ಶುತೋ “ಹೂಂ” ಎಂದು ಕಪ್ಪು ಕಲ್ಲೊಂದನ್ನು ಇಟ್ಟ. ಅಗ್ನಿಶಾಮಕ ದಳದ ಮಾಜಿ ಮುಖ್ಯಸ್ಥ ಕುಗಿಮಿಯಾ ಬಿಳಿಯದನ್ನು ಇಟ್ಟ. ಇತೊನಾಗನ ಗಂಟಲಲ್ಲಿ ‘ಹೋಗಬೇಡಿ’ ಎಂಬುದು ಎದ್ದುನಿಂತು, ಮಣೆಯ ಕಾಲು ನೋಡಿ, ಮತ್ತೆ ಕೂತಿತು.

ಮರುದಿನ ಆ ಕಾಲೇ ಸೀಳುಬಿಟ್ಟಿತು. ಹೀಟರಿನ ಒಣ ಗಾಳಿಗೋ ಏನೋ, ಆಟದ ನಡುವೆ ಟಪ್ಪೆಂದಿತು. ಕುಗಿಮಿಯಾ ನೆಲಕ್ಕೆ ಕೆನ್ನೆ ಹಚ್ಚಿ, ಬೆಂಕಿ ಬಿದ್ದ ಮನೆಯನ್ನು ತಪಾಸಣೆ ಮಾಡುವವನಂತೆ ಟಾರ್ಚು ಬಿಟ್ಟು ನೋಡಿದ.

“ಬಾಯಿ ಬಿಟ್ಟಿದೆ.”

“ಎಷ್ಟು?” ಎಂದ ಶುತೋ.

“ಹಲ್ಲಿದ್ದಿದ್ರೆ ಕಾಣ್ತಿತ್ತು.”

“ಹಾಗಾದ್ರೆ ನಿಯಮ?”

ಕುಗಿಮಿಯಾ ಎದ್ದು ಕೂತು ಟಾರ್ಚು ಆರಿಸಿದ. “ಕಾಯಿನೇ ಬಾಯಿ ಬಿಟ್ಟ ಮೇಲೆ ಮನುಷ್ಯರು ಯಾಕೆ ಮುಚ್ಕೊಂಡಿರ್ಬೇಕು? ಬಡಗಿ ಕವಾನೊ ಬಂದು ಅಂಟು ಹಾಕೋವರೆಗೂ ನಿಯಮ ರದ್ದು.”

ಗೋಡೆಗೊರಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಕಟ್ಟೆ ಒಡೆಯಿತು.

“ಆವತ್ತಿನ ಆಟದಲ್ಲಿ ಆ ಮೂಲೆ ಬಿಟ್ಟುಕೊಡಬಾರ್ದಿತ್ತು ಕಣಯ್ಯಾ ಶುತೋ!”

“ಯಾವತ್ತು?”

“ನಿನ್ನ ಮಗಳ ಮದುವೆಗೆ ಮುಂಚೆ!”

“ಅವಳಿಗೀಗ ಮೊಮ್ಮಗ ಇದಾನೆ!”

“ಅದಕ್ಕೇ ಹೇಳ್ತಿರೋದು, ತಡ ಆಯ್ತು.”

ಮರುದಿನ ಜನ ಇನ್ನೂ ಹೆಚ್ಚಿದರು. ಆಟ ಗೊತ್ತಿಲ್ಲದವರೂ ಸಲಹೆ ಕೊಟ್ಟರು. ಹಲ್ಲಿನ ವೈದ್ಯನಾಗಿದ್ದ ಮುದುಕನೊಬ್ಬ ಫುಸಾಯೆಯ ಮುಂದೆ ತಲೆ ಬಾಗಿಸಿ, ಬೇಸಿಗೆಯಲ್ಲಿ ಹಸಿರು ಹುಳುಗಳು ಅವಳ ಗಂಧರಾಜದ ಎಲೆಗಳನ್ನೆಲ್ಲ ತಿಂದು ಬೋಳು ಮಾಡಿದ್ದನ್ನು ತಾನು ಕಿಟಕಿಯಿಂದ ಮೊದಲಿನಿಂದ ಕೊನೆಯವರೆಗೂ ನೋಡಿದೆನೆಂದ.

“ಹೇಳ್ಬಾರ್ದಿತ್ತಾ ಡಾಕ್ಟ್ರೇ?”

“ಒಳಗೆ ಆಟ ನಡೀತಿತ್ತಲ್ಲಮ್ಮಾ.”

ಇತೊನಾಗ ಮಾತ್ರ ಸುಮ್ಮನಿದ್ದ. ಈಗ ಅವನಿಗೆ ಅನುಮತಿಯಿತ್ತು, ಸಂದಿ ಇರಲಿಲ್ಲ. ಬಾಯಿ ತೆರೆದಾಗಲೆಲ್ಲ ಯಾರದೋ ಮಾತು ಬಂದು ಅಲ್ಲಿ ಕೂತುಬಿಡುತ್ತಿತ್ತು. ಇಷ್ಟು ವರ್ಷ ತಾನು ಕಾಪಾಡಿಕೊಂಡು ಬಂದ ಮೌನದಲ್ಲಿ ಹೇಳಬೇಕಾದ್ದು ಇದ್ದದ್ದು ಹೌದೋ, ಬರೀ ಮೌನವೇ ಇತ್ತೋ ಎಂದು ಅವನಿಗೆ ಭಯವಾಯಿತು. ಅಡುಗೆಮನೆಯಲ್ಲಿ ಫುಸಾಯೆ ಪಾತ್ರೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು.

ಕವಾನೊ ಬಂದ. ಮಣೆಯನ್ನು ಮಗುಚಿ ಹಾಕಿ, ಸೀಳಿಗೆ ಅಂಟು ತುಂಬಿ, ಹಗ್ಗ ಸುತ್ತಿ ಬಿಗಿದ. ಬಾಯಿ ಕೂಡಿಕೊಂಡಿತು. ಆ ಕ್ಷಣವೇ ನೋಡುವವರ ಎಲ್ಲ ಬಾಯಿಗಳೂ ಮುಚ್ಚಿದವು. ಶುತೋಗೆ ಯಾರೋ ಹೇಳುತ್ತಿದ್ದ “ಆ ಮೂಲೆಯಲ್ಲಿ ನೀನು” ಎಂಬುದು ಅರ್ಧಕ್ಕೇ ನಿಂತಿತು.

ಆ ನಿಶ್ಶಬ್ದದಲ್ಲಿ ಬ್ರೇಕು ಹಾಕಿದ ಹಳೆಯ ಬಸ್ಸಿನಂಥ ದನಿಯೊಂದು ಹೊರಟಿತು: “ಹೋಗಬೇಡಿ, ಫುಸಾಯೆಸಾನ್.”

ಎಲ್ಲರೂ ಇತೊನಾಗನತ್ತ ತಿರುಗಿದರು.

“ಆಟಕ್ಕೆ ಹೇಳಿದ್ದಲ್ಲ ಅದು,” ಎಂದ ಶುತೋ ಕನಿಕರದಿಂದ.

“ಹೊರಟವರಿಗೆ ಹೋಗಬೇಡಿ ಅಂದ್ರೆ ಅದು ಸಲಹೆ ತಾನೇ? ಕವಾನೊ, ಆಗ ಕಾಲು ಮುಚ್ಚಿತ್ತಾ?” ಎಂದ ಕುಗಿಮಿಯಾ.

“ಮುಚ್ಚಿತ್ತು. ನನ್ನ ಕೆಲಸಕ್ಕೆ ನಾನೇ ಸಾಕ್ಷಿ.”

ಕುಗಿಮಿಯಾ ನಿಟ್ಟುಸಿರುಬಿಟ್ಟ. “ಕೊಡಲಿ ಅಗ್ನಿಶಾಮಕ ಠಾಣೆಯಲ್ಲೇ ಬಿಟ್ಟು ಬಂದಿದೀನಿ. ತಲೆಯನ್ನ ಮೈ ಸಮೇತ ಇಡಿ, ಇತೊನಾಗಸಾನ್.”

ಇತೊನಾಗ ಮಂಡಿಯೂರಿ ಗುಳಿಗೆ ಹಣೆ ಇಟ್ಟ. ಹಣೆ ಅಂಚಿಗೇ ತಡೆಯಿತು, ಮೂಗು ಮಾತ್ರ ಒಳಗೆ ಇಳಿಯಿತು. ಅಂಟಿನ ವಾಸನೆ, ಹಳೇ ಮರದ ವಾಸನೆ. ವಿಚಿತ್ರವೆಂದರೆ ಅವನಿಗೆ ಹಾಯೆನಿಸಿತು.

ಫುಸಾಯೆ ಒಳಗಿನಿಂದ ಬಂದಳು. “ಏನಿದು?”

“ಶಿಕ್ಷೆ. ಮಾತಾಡಿದ್ರು,” ಎಂದ ಕುಗಿಮಿಯಾ.

“ಇವ್ರಾ? ಏನಂದ್ರು? ಪಾತ್ರೆ ಸದ್ದಿಗೆ ಕೇಳ್ಲಿಲ್ಲ.”

“ಮತ್ತೆ ಹೇಳೋ ಹಾಗಿಲ್ಲಮ್ಮಾ. ಎರಡನೇ ತಪ್ಪಾಗುತ್ತೆ.”

“ಇದ್ದದ್ದು ಒಂದು ತಲೆ, ಅದನ್ನ ಆಗ್ಲೇ ಕಡಿದು ಇಟ್ಟಿದೀರಿ,” ಎಂದಳು ಫುಸಾಯೆ. “ಕಡಿದ ತಲೆಗೆ ಇನ್ಯಾವ ನಿಯಮ ಹಾಕ್ತೀರಿ?”

ಕುಗಿಮಿಯಾ ಮತ್ತು ಶುತೋ ಕಣ್ಣಲ್ಲೇ ಚರ್ಚಿಸಿದರು. ಅದಕ್ಕೆ ಹಿಂದಿನವರು ಏನೂ ಹೇಳಿಹೋಗಿರಲಿಲ್ಲ.

ಇತೊನಾಗ ಗುಳಿಯೊಳಕ್ಕೇ ಹೇಳಿದ. ಮರ ಆ ದನಿಯನ್ನು ದಪ್ಪ ಮಾಡಿ ಹೊರಗೆ ಕಳಿಸಿತು: “ಹೋಗಬೇಡಿ ಅಂದೆ. ನಿಮ್ಮ ಬೆರಳು ಹಳದಿಯಾಗೋದನ್ನ ಮುಂದಿನ ಚಳಿಗಾಲಾನೂ ನೋಡ್ಬೇಕು. ಅದರ ಮುಂದಿನದೂ. ಇಷ್ಟೇ.”

ಕಾಲು ಭದ್ರವಾಗಿ ಮುಚ್ಚಿಕೊಂಡಿತ್ತು. ಫುಸಾಯೆ ಹಿತ್ತಲಿಗೆ ಹೋದಳು. ಸೂರಿನಿಂದ ಕಾಯಿಯ ಸರವೊಂದನ್ನು ಇಳಿಸಿಕೊಂಡು ಬಂದು, ಒಂದೊಂದನ್ನೂ ಬಿಡಿಸಿ ಜಜ್ಜಿ ಬಿಸಿನೀರಿಗೆ ಹಾಕಿದಳು. ನೀರು ನಿಧಾನವಾಗಿ ಬಣ್ಣ ತಿರುಗಿತು.

ಆಡುವವನಾದ್ದರಿಂದ ಶುತೋಗೆ ಬಾಯಿ ಬಿಡುವ ಹಕ್ಕಿತ್ತು. “ಉಪ್ಪಿನಕಾಯಿ ಹೋದ ತಿಂಗಳೇ ಹಾಕಿದ್ರಲ್ಲಮ್ಮಾ?”

“ಇದು ಅಕ್ಕಿಗೆ,” ಎಂದಳು ಫುಸಾಯೆ.

ಶುತೋ ಮೆಲ್ಲಗೆ ಟೋಪಿ ತೆಗೆದ.

“ತಲೆ ಎತ್ಲಾ?” ಎಂದಿತು ಗುಳಿ.

“ಅಂಟು ಆರೋವರೆಗೂ ಹಾಗೇ ಇರಿ,” ಎಂದಳವಳು. “ಅನ್ನ ಬೇಯೋಕೂ ಅಷ್ಟೇ ಹೊತ್ತು ಬೇಕು.”