ಬತ್ತೀನಿ ಎನ್ನುವ ಅಪ್ಪ

ಹಳೇಬೀಡಿನ ಹೇಮಾಶ್ರೀ ಅರಸೀಕೆರೆಯ ಶರತ್‌ಚಂದ್ರನಿಗೆ ವಹಿಸಿದ ಕೆಲಸ ಕೇಳಿದರೆ ಯಾರಿಗಾದರೂ ನಗು ಬರುತ್ತದೆ. ಮೊಬೈಲಿನ ಬಸ್ ಆಟಕ್ಕೆ ಅವಳ ಅಪ್ಪನನ್ನು ಸೇರಿಸಿಕೊಡಬೇಕಂತೆ! ಆಟ ಆಡುವವರು ತಮ್ಮೂರಿನ ಬಸ್ಸು, ಬೋರ್ಡು, ಜನ ಎಲ್ಲವನ್ನೂ ತಾವೇ ಮಾಡಿ ಅದರೊಳಕ್ಕೆ ಸೇರಿಸಿಕೊಳ್ಳುತ್ತಾರೆ. ಅದಕ್ಕೆ ಮಾಡ್ ಎಂದು ಹೆಸರು. ಅಂಥ ಬೊಂಬೆಗಳಿಗೆ ನಡಿಗೆ ಕೊಡುವುದರಲ್ಲಿ ಶರತ್‌ಚಂದ್ರ ಎತ್ತಿದ ಕೈ. ನಗುವವರು ನಗಲಿ. ಅವಳ ಅಪ್ಪ, ಕಂಡಕ್ಟರ್ ಉಮಾಶಂಕರ್, ಹೋದ ಆಷಾಢದಲ್ಲಿ ಗೆಂಡೆಹಳ್ಳಿ ಸ್ಟಾಪಿನಲ್ಲಿ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ.

ಅವತ್ತು ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಬತ್ತೀನಿ ಕಣವ್ವ" ಅಂದಿದ್ದ. ಹೊರಡುವವರು ಹೋಗ್ತೀನಿ ಅನ್ನಬಾರದು, ಮನೆಯಲ್ಲಿರುವವರು ಹೋಗ್ಬಾ ಅನ್ನದೆ ಇರಬಾರದು. ಹೇಮಾಶ್ರೀ ಅನ್ನಲಿಲ್ಲ. ಹಿಂದಿನ ದಿನ ಬೈದಿದ್ದನೆಂದು ಮುಖ ಊದಿಸಿಕೊಂಡು, ತಲೆ ಎತ್ತದೆ ಅದೇ ಬಸ್ ಆಟ ಆಡುತ್ತಿದ್ದಳು. ಪಾಪಿ ಹುಡುಗಿ, ಅದಕ್ಕಾಗಿ ಅವಳು ತನ್ನನ್ನು ಇನ್ನೂ ಕ್ಷಮಿಸಿಕೊಂಡಿಲ್ಲ. ಆಟದಲ್ಲಾದರೂ ಅಪ್ಪ ಒಮ್ಮೆ ಹೊರಡಲಿ, ಬಾಯ್ತುಂಬ ಹೇಳಿ ಕಳಿಸುತ್ತೇನೆ ಎಂಬುದೊಂದೇ ಅವಳ ಆಸೆ.

ಅಪ್ಪನ ನಡಿಗೆ ಕಾಣಲೆಂದು ಶರತ್‌ಚಂದ್ರನಿಗೆ ನೆಂಟರ ಮದುವೆಯ ವಿಡಿಯೊ ಕಳಿಸಿದಳು. ಬ್ಯಾಗಿನ ಭಾರಕ್ಕೆ ಎಡಭುಜ ಇಳಿದಿರಬೇಕು, ಬೆರಳ ಸಂದಿಯಲ್ಲಿ ನೋಟು ಮಡಿಸಿಟ್ಟಿರಬೇಕು ಎಂದೆಲ್ಲ ವಿವರಿಸಿದಳು. ಕೊನೆಯಲ್ಲಿ, "ಮನೆ ಬಾಗಿಲು. ಅಪ್ಪ ಬತ್ತೀನಿ ಅಂತಾರೆ" ಎಂದು ಬರೆದಳು.

ವಾರದ ಮೇಲೆ ಫೈಲು ಬಂತು. ಆಟಕ್ಕೆ ಸೇರಿಸಿ ಹಾಕಿ ನೋಡಿದಳು. ಬಸ್ಸು ನಿಂತಿತು, ಅಪ್ಪ ಇಳಿದ. ಭುಜ ವಾಲಿಸಿಕೊಂಡು, ನೇರ ಮನೆ ಬಾಗಿಲಿಗೆ ನಡೆದು ಬಂದ. ಅವಳು ತಕ್ಷಣ ಶರತ್‌ಚಂದ್ರನಿಗೆ ಫೋನ್ ಮಾಡಿದಳು.

"ಸರ್, ತಪ್ಪಾಗಿದೆ. ನಮ್ಮಪ್ಪ ಹೊರಡಬೇಕಿತ್ತು."

"ಬತ್ತೀನಿ ಅಂತ ಬರೆದಿದ್ರಲ್ಲ ಮೇಡಂ?" ಅವನು ತಡವರಿಸಿದ. "ಅಪ್ಪನ್ನ ಕಳ್ಕೊಂಡೋರು ಬರೋದನ್ನೇ ಅಲ್ವಾ ಕೇಳೋದು ಅಂದ್ಕೊಂಡೆ... ಸಾರಿ. ಸಂಜೆಯೊಳಗೆ ಬದಲಾಯಿಸಿ ಕೊಡ್ತೀನಿ."

ಅಷ್ಟರಲ್ಲಿ ಅಮ್ಮ ಮಂಜುಳಾ ಹಿಂದೆ ಬಂದು ನಿಂತಿದ್ದಳು. ಮೊಬೈಲಿನಲ್ಲಿ ಗಂಡನನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಗಳ ಕೈ ಹಿಡಿದು, "ಬ್ಯಾಡ ಕಣೇ, ಹಂಗೇ ಇರ್ಲಿ. ಒಂದ್ಸಲ ಕಳ್ಸಿದ್ದು ಸಾಕು" ಅಂದಳು.

ಅವತ್ತು ಹೋಗ್ಬಾ ಅಂದು ಕಳಿಸಿದ್ದು ಅಮ್ಮ. ಹೇಮಾಶ್ರೀ ಕಳಿಸಿಯೇ ಇರಲಿಲ್ಲ. ಆದರೆ ಅದನ್ನು ಅಮ್ಮನಿಗೆ ಯಾವ ಬಾಯಲ್ಲಿ ಹೇಳುವುದು?

"ಬೇಡ ಸರ್. ಹೀಗೇ ಇರ್ಲಿ" ಎಂದು ಫೋನ್ ಇಟ್ಟಳು.

"ಇನ್ನೊಂದ್ಸಲ ಹಾಕೇ" ಅಂದಳು ಅಮ್ಮ. ಹಾಕಿದಳು. ಅಪ್ಪ ಮತ್ತೆ ಬಂದು ಬಾಗಿಲಲ್ಲಿ ನಿಂತ. ಹೇಮಾಶ್ರೀಯ ಕಣ್ಣೀರು ಧಾರೆಯಾಗಿ ಇಳಿಯಿತು. ಈಗ ತಾನೆ ಬಂದವನಿಗೆ ಹೋಗ್ಬಾ ಅನ್ನುವುದು ಹೇಗೆ?