ಓಡಿಹೋಗದ ಏಡಿ

ಸೀಮೆ ಮುಂಬೈ ಆಡಳಿತ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಕೊಯ್ಲು. ಘಟ್ಟದ ಮೇಲಿನ ಹಳ್ಳಿ ತ್ಯಾಗಲಿಯ ಸುಬ್ಬಿಗೆ ಜೀವ ಸಾಕಾಗಿಹೋಗಿತ್ತು. ದಿನವಿಡೀ ಸೊಂಟ ಬಗ್ಗಿಸಿ ಗದ್ದೆ ಕುಯ್ದು ಬಂದರೆ ಮನೆಯಲ್ಲಿ ಸಣ್ಣ ಮಕ್ಕಳು, ಅದರ ಮೇಲೆ ಹಾಸಿಗೆ ಹಿಡಿದ ಅತ್ತೆ ದುರ್ಗಮ್ಮ. ತೊಳೆಯಬೇಕು, ಉಣಿಸಬೇಕು. ಈ ಮುದುಕಿ ಹೋಗುವುದು ಯಾವಾಗಪ್ಪಾ ಎಂದು ಸುಬ್ಬಿ ಎಷ್ಟು ಸಲ ಅಂದುಕೊಂಡಳೋ, ಆ ದೇವರಿಗೇ ಗೊತ್ತು.

ಆ ಮುದುಕಿಗೆ ಏಡಿ ಸಾರಿನ ಚಪಲ. ಗದ್ದೆ ಒಣಗಿದ ಮೇಲೆ ಏಡಿ ಎಲ್ಲಿಂದ ಬರಬೇಕು? ಉಪ್ಪು ತರಲು ಕುಮಟೆಗೆ ಹೋಗಿದ್ದ ಗಂಡ ಗಣಪ ಒದ್ದೆ ಗೋಣಿಯಲ್ಲಿ ಕಟ್ಟಿಕೊಂಡು ಬಂದ. ಮೀನುಗಾರರು ಬಲೆಯಿಂದ ಬಿಡಿಸಿ ದಂಡೆಗೆ ಎಸೆದಿದ್ದರಂತೆ. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಜಾತಿ ಅವನದು. ಅಂಗಳದಲ್ಲಿ ಸುರಿದರೆ, ಅಬ್ಬಬ್ಬಾ, ಕುಂಕುಮದ ಬಣ್ಣ!

"ಬೇಯ್ಸೂಕೆ ಮೊದ್ಲೇ ಬೆಂದಂಗೆ ಐತೆ ನೋಡು" ಎಂದು ಹಲ್ಲು ಕಿರಿದ.

ಸುಬ್ಬಿಗೆ ಯಾಕೋ ಸರಿಬರಲಿಲ್ಲ. ಗದ್ದೆಯ ಏಡಿ ಮಣ್ಣಿನ ಬಣ್ಣದ್ದು, ಕಾಲ ಸಪ್ಪಳಕ್ಕೇ ಬಿಲ ಸೇರುತ್ತದೆ. ಇವು ನಡು ಅಂಗಳದಲ್ಲಿ ನಿಧಾನಕ್ಕೆ ಓಡಾಡುತ್ತಿದ್ದವು.

"ಹೋಯ್, ಇವಕ್ಕೆ ಹೆದ್ರಿಕೆನೇ ಇಲ್ಲ. ಕಡಲವ್ರೇ ಎಸ್ದಿದ್ದು ನಮಗೆಂತಕ್ಕೆ?"

"ಕೆಸುವಿನ ಸೊಪ್ಪೂ ತುರಸ್ತದೆ, ಹುಳಿ ಹಾಕಿ ಕುದ್ಸಿ ತಿನ್ನೂದಿಲ್ಲನ? ಇದ್ಕೂ ಹುಳಿ ಜಾಸ್ತಿ ಹಾಕು."

ವಾದಕ್ಕೂ ತ್ರಾಣ ಬೇಕಲ್ಲ. ಹಾಳಾಗಿ ಹೋಗಲಿ ಎಂದು ಒಲೆ ಹೊತ್ತಿಸಿ, ಹುಳಿ ಸುರಿದು ಕುದಿಸಿಯೇ ಕುದಿಸಿದಳು.

ಕೆಸುವಿನ ಸಾರಾದರೆ ಮಾಡಿದವಳೇ ಮೊದಲು ನಾಲಿಗೆಗೆ ಹಚ್ಚಿ ತುರಿಕೆ ನೋಡುವುದು ಆ ಮನೆಯ ಪದ್ಧತಿ. ಇದಕ್ಕೂ ಹಾಗೇ ಎಂದು ಸುಬ್ಬಿ ಸೌಟು ಎತ್ತಿದಳು. ಗೋಡೆಗೊರಗಿದ್ದ ದುರ್ಗಮ್ಮ ಕೈಚಾಚಿದಳು.

"ಇತ್ಲಾಗೆ ಕೊಡೇ. ನಿನ್ ಬಾಯಿ ಕೆಟ್ರೆ ಮಕ್ಳಿಗೆ ಯಾರು? ತುರಸಿದ್ರೆ ನನಗೆ ತುರಸ್ಲಿ."

ಎರಡು ಗುಟುಕು ಕುಡಿದಳು. ಸ್ವಲ್ಪ ಹೊತ್ತಿಗೆ ತುಟಿ ಮುಟ್ಟಿ ನೋಡಿಕೊಂಡಳು.

"ತುರ್ಕೆ ಇಲ್ಲ ಮಗಾ... ಬಾಯೇ ಇಲ್ದಂಗಾತು."

ಮಾತು ತೊದಲಿತು, ಬೆರಳು ಮರಗಟ್ಟಿದವು. ಸುಬ್ಬಿ ಗಡಿಗೆಯನ್ನು ಒದ್ದು, ಗಂಟಲಿಗೆ ಬೆರಳು ಹಾಕಿ ಅತ್ತೆಗೆ ವಾಂತಿ ಮಾಡಿಸಿದಳು. ಗಣಪ ಗಾಡಿ ಕಟ್ಟಿದ.

ಸಿದ್ದಾಪುರದ ಡಾಕ್ಟರು ಕರಾವಳಿಯವರು. "ಬಣ್ಣ ತೋರಿಸಿ ತಿನ್ನಬೇಡ ಅಂತ ಅದೇ ಹೇಳಿತ್ತಲ್ಲೋ! ಈ ವಿಷ ಹುಳಿಗೂ ಹೋಗುವುದಿಲ್ಲ, ಬೆಂಕಿಗೂ ಹೋಗುವುದಿಲ್ಲ. ತಟ್ಟೆ ತುಂಬ ಉಂಡಿದ್ದರೆ ನಿಮ್ಮಲ್ಲಿ ಯಾರೂ ಉಳಿಯುತ್ತಿರಲಿಲ್ಲ" ಎಂದು ಗಣಪನಿಗೆ ಉಗಿದರು.

ಮರುದಿನ ಆಸ್ಪತ್ರೆಯಲ್ಲಿ ದುರ್ಗಮ್ಮನಿಗೆ ಮಾತು ಮರಳಿತು. ಮಂಚದ ಕಾಲಿಗೆ ಒರಗಿ ಕೂತ ಸೊಸೆಯ ಮುಖವನ್ನೇ ನೋಡಿದಳು.

"ನೀನು ಕಣ್ ತುಂಬ ಮಲಗಿ ಎಷ್ಟ್ ದಿನ ಆತೇ? ಬಾ, ಇಲ್ಲೇ ಬಿದ್ಕೋ" ಎಂದು ಗೋಡೆಯ ಕಡೆಗೆ ಸರಿದಳು.

ಸುಬ್ಬಿಗೆ ಅಳು ಒತ್ತರಿಸಿ ಬಂತು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆಯ ಪಕ್ಕದಲ್ಲಿ ಮಲಗಿದಳು.